ಸೇಂಟ್ ಆ್ಯಂಡ್ರೂಸಿನಲ್ಲಿ ಮಳೆ

ಮಲೆನಾಡಿನಲ್ಲಿ ಹುಟ್ಟಿದವನಿಗೆ ಮಳೆಯ ವಿಷಯದಲ್ಲಿ ಒಂದು ಬಗೆಯ ಹಮ್ಮು ಇರುತ್ತದೆ. ಬೇರೆಯವರ ಊರಿನ ಮಳೆಯೆಲ್ಲ ಅವನ ಲೆಕ್ಕಕ್ಕೆ ತುಂತುರು. ಛತ್ರಿ ಬಿಚ್ಚುವುದಕ್ಕೂ ತಕ್ಕುದಲ್ಲ. ಕಳೆದ ಮೇ ತಿಂಗಳಿನ ಒಂದು ಶನಿವಾರ, ಸ್ಕಾಟ್ಲೆಂಡಿನ ಲೂಕರ್ಸ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ಇಳಿದಾಗ ಎದುರಾದ ಮಳೆಯನ್ನು ಕಂಡು ನನ್ನ ತಂದೆಯವರು, "ಇಷ್ಟೇನಾ?" ಎಂದು ಕೇಳಿದರು. ಹತ್ತು ನಿಮಿಷ ಕಳೆಯುವುದರೊಳಗೆ ಅವರ ಹಲ್ಲುಗಳು ಕಟಕಟಿಸತೊಡಗಿದುವು. ನಮ್ಮ ಮಳೆ ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಅಲ್ಲಿಯ ಮಳೆ ಉತ್ತರ ಸಮುದ್ರದ ಕಡೆಯಿಂದ ಅಡ್ಡಲಾಗಿ ಬಂದು, ಕೋಟಿನ ಗುಂಡಿಗಳ ನಡುವೆ ದಾರಿ ಹುಡುಕಿಕೊಂಡು ಒಳಹೊಗುತ್ತದೆ. ಪ್ರಮಾಣದಲ್ಲಿ ಅದು ಹೆಚ್ಚೇನೂ ಅಲ್ಲ. ವರ್ಷಕ್ಕೆ ಸುಮಾರು ೭೦ ಸೆಂಟಿಮೀಟರು. ಬೆಂಗಳೂರಿನಲ್ಲೇ ೯೦ ಸೆಂಟಿಮೀಟರಿಗಿಂತ ಹೆಚ್ಚು ಬೀಳುತ್ತದೆ. ಆದರೆ ಬಡವನ ಗಂಜಿಯಂತೆ ಆ ಅಲ್ಪವನ್ನೇ ಆ ಊರಿನವರು ವರ್ಷದ ಎಲ್ಲ ದಿನಗಳಿಗೂ ಹಂಚಿಕೊಂಡು ಬಾಳುತ್ತಾರೆ.

ನನ್ನ ತಮ್ಮ ಎಡಿನ್‌ಬರೋ ನಗರದಲ್ಲಿ ಉದ್ಯೋಗದಲ್ಲಿದ್ದಾನೆ. ಬೇಸಗೆಯ ರಜೆಯಲ್ಲಿ ಅಪ್ಪನನ್ನು ಕರೆದುಕೊಂಡು ಬಾ ಎಂದು ಮೂರು ವರ್ಷಗಳಿಂದ ಬಲವಂತ ಮಾಡುತ್ತಿದ್ದ. ಎಪ್ಪತ್ತು ದಾಟಿದ ತಂದೆಯವರು ಮಂಡಿನೋವಿನ ನೆಪ ಹೇಳಿ ಮುಂದೂಡುತ್ತಲೇ ಬಂದು, ಕಡೆಗೊಮ್ಮೆ ಒಪ್ಪಿದಾಗ ಒಂದೇ ಒಂದು ಷರತ್ತು ಹಾಕಿದರು. ಅರಮನೆ, ಕೋಟೆ, ವಸ್ತುಸಂಗ್ರಹಾಲಯ ಯಾವುದೂ ತಮಗೆ ಬೇಡ. ಸೇಂಟ್ ಆ್ಯಂಡ್ರೂಸ್ ಎಂಬ ಊರನ್ನು ಮಾತ್ರ ನೋಡಬೇಕು. ತಮ್ಮನಿಗೆ ಆಶ್ಚರ್ಯವಾಯಿತು. ನನಗೆ ಆಗಲಿಲ್ಲ, ಹಿರಿಯ ಮಗನಾದುದರಿಂದ ಆ ಹೆಸರನ್ನು ಮನೆಯಲ್ಲಿ ನಾನು ಮೊದಲೇ ಕೇಳಿದ್ದೆ.

ಕಾಫಿ ಸೀಮೆಯಲ್ಲಿ ನಮ್ಮ ಹಳ್ಳಿಯ ಪಕ್ಕದಲ್ಲೇ ತೋಟದ ಸಾಹೇಬರುಗಳ ಒಂದು ಕ್ಲಬ್ಬು, ಅದಕ್ಕೆ ಸೇರಿದ ಒಂಬತ್ತು ಕುಳಿಗಳ ಒಂದು ಗಾಲ್ಫ್ ಬಯಲು ಇದ್ದುವು. ಅದರ ಹೆಸರು ಇಲ್ಲಿ ಬೇಡ. ೧೯೬೦ರ ದಶಕದ ನಡುವಿನಲ್ಲಿ, ಹನ್ನೆರಡು ಹದಿಮೂರು ವರ್ಷದ ಹುಡುಗನಾಗಿದ್ದ ನಮ್ಮ ತಂದೆ ಅಲ್ಲಿ ಕ್ಯಾಡಿಯಾಗಿ, ಎಂದರೆ ಆಡುವವರ ಚೀಲ ಹೊರುವವನಾಗಿ, ಎರಡು ವರ್ಷ ದುಡಿದವರು. ಆಗ ಆ ಚೀಲಗಳಲ್ಲಿದ್ದ ಹಳೆಯ ಕೋಲುಗಳಲ್ಲಿ ಕೆಲವಕ್ಕೆ ಉಕ್ಕಿನ ತಲೆಯ ಹಿಂಬದಿಯಲ್ಲಿ ಸೇಂಟ್ ಆ್ಯಂಡ್ರೂಸ್ ಎಂದು ಅಚ್ಚೊತ್ತಿರುತ್ತಿತ್ತಂತೆ. "ನಾನು ಕೂಡಿಸಿಕೊಂಡು ಓದಿದ ಮೊದಲನೆಯ ಇಂಗ್ಲಿಷು ಅದೇ ಕಣೋ" ಎಂದು ಅವರು ಹೇಳುತ್ತಿದ್ದರು. ಅದು ಯಾವನೋ ಸಾಹೇಬನ ಹೆಸರಿರಬೇಕೆಂದು ಬಹುಕಾಲ ತಿಳಿದಿದ್ದರಂತೆ. ಊರೆಂದು ಗೊತ್ತಾದದ್ದು ನೌಕರಿಗೆ ಸೇರಿದ ಮೇಲೆ.

ಎಡಿನ್‌ಬರೋದಿಂದ ರೈಲು ೧೮೯೦ರಲ್ಲಿ ಕಟ್ಟಿದ ಫೋರ್ತ್ ಸೇತುವೆಯ ಕೆಂಪು ಕಬ್ಬಿಣದ ಬಲೆಯೊಳಗೆ ನುಸುಳಿ, ಒಂದು ಗಂಟೆಯಲ್ಲಿ ಲೂಕರ್ಸ್ ತಲುಪುತ್ತದೆ. ಸೇಂಟ್ ಆ್ಯಂಡ್ರೂಸಿಗೆ ಇದ್ದ ರೈಲುದಾರಿಯನ್ನು ೧೯೬೯ರಲ್ಲಿ ಮುಚ್ಚಿಬಿಟ್ಟರು. ಈಗ ಅಲ್ಲಿಂದ ಮುಂದಕ್ಕೆ ಬಸ್ಸೇ ಗತಿ. ಊರು ಚಿಕ್ಕದು. ಕಲ್ಲಿನ ಮನೆಗಳು, ಮೂರು ಮುಖ್ಯ ಬೀದಿಗಳು, ಸಮುದ್ರದ ಅಂಚಿನಲ್ಲಿ ಮಹಾದೇವಾಲಯವೊಂದರ ಅವಶೇಷ, ೧೪೧೩ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ. ಅಧ್ಯಾಪಕನಾದ ನಾನು ವಿಶ್ವವಿದ್ಯಾನಿಲಯದ ಅಂಗಳವನ್ನು ನೋಡೋಣವೆಂದೆ. ತಂದೆಯವರು ಬಸ್ಸಿನಿಂದ ಇಳಿದವರೇ, ಯಾರನ್ನೂ ದಾರಿ ಕೇಳದೆ, ಸಮುದ್ರದ ಗಾಳಿ ಬರುವ ದಿಕ್ಕಿಗೆ ನಡೆದುಬಿಟ್ಟರು. ಬಯಲು ಇದ್ದದ್ದು ಅಲ್ಲೇ.

ಗಾಲ್ಫ್ ಆಟ ಎಲ್ಲಿ ಹುಟ್ಟಿತೆಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಜನ ಬಿಲ್ವಿದ್ಯೆಯನ್ನು ಮರೆತು ಇದರಲ್ಲಿ ಮುಳುಗಿದ್ದಾರೆಂದು ೧೪೫೭ರಲ್ಲಿಯೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಈ ಆಟವನ್ನು ನಿಷೇಧಿಸಿತ್ತು ಎಂದಮೇಲೆ ಅದಕ್ಕೂ ಮುಂಚೆಯೇ ಅದು ಅಲ್ಲಿ ಬೇರೂರಿತ್ತು ಎನ್ನುವುದು ಸ್ಪಷ್ಟ. ೧೭೫೪ರಲ್ಲಿ ಇಪ್ಪತ್ತೆರಡು ಮಂದಿ ಶ್ರೀಮಂತರು ಸೇರಿ ಈ ಊರಿನಲ್ಲಿ ಸಂಘ ಕಟ್ಟಿದರು; ಅದೇ ಮುಂದೆ ರಾಯಲ್ ಅಂಡ್ ಏನ್ಷಿಯಂಟ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ೧೭೬೪ರಲ್ಲಿ ಅವರು ತಮ್ಮ ಇಪ್ಪತ್ತೆರಡು ಕುಳಿಗಳ ಸುತ್ತನ್ನು ಹದಿನೆಂಟಕ್ಕೆ ಇಳಿಸಿದ್ದರಿಂದಲೇ ಲೋಕಕ್ಕೆಲ್ಲ ಹದಿನೆಂಟು ಎಂಬ ಲೆಕ್ಕ ಬಂದದ್ದು. ನಮ್ಮ ದೇಶಕ್ಕೂ ಈ ಆಟ ಬಹು ಬೇಗ ಬಂದಿತು. ಕಲ್ಕತ್ತೆಯ ಕ್ಲಬ್ಬು ೧೮೨೯ರದು. ಬ್ರಿಟಿಷ್ ದ್ವೀಪಗಳ ಹೊರಗೆ ಅದೇ ಅತ್ಯಂತ ಹಳೆಯದು. ಬೆಂಗಳೂರಿನದು ೧೮೭೬ರದು.

ಓಲ್ಡ್ ಕೋರ್ಸ್ ಎಂದು ಕರೆಯುವ ಆ ಹಳೆಯ ಬಯಲನ್ನು ಮೊದಲ ಸಲ ನೋಡಿದವನಿಗೆ ನಿರಾಶೆಯಾಗುವುದೇ ಹೆಚ್ಚು. ನನಗೂ ಆಯಿತು. ಮರವಿಲ್ಲ, ಕೊಳವಿಲ್ಲ, ಹೂವಿನ ಪಾತಿಯಿಲ್ಲ. ಊರಿನ ಮನೆಗಳ ಮುಂಬಾಗಿಲಿನಿಂದಲೇ ಆರಂಭವಾಗಿ ಸಮುದ್ರದ ಪಕ್ಕಕ್ಕೆ ಹರಡಿಕೊಂಡಿರುವ ಉಬ್ಬುತಗ್ಗಿನ ಹುಲ್ಲುಗಾವಲು. ನಡುವೆ ಅಲ್ಲಲ್ಲಿ ನೂರ ಹನ್ನೆರಡು ಮರಳುಗುಂಡಿಗಳು. ಸಮುದ್ರ ಹಿಂದೆ ಸರಿದು ಬಿಟ್ಟುಹೋದ ಮರಳಿನ ಮೇಲೆ ತೆಳ್ಳಗೆ ಹುಲ್ಲು ಬೆಳೆದ ಇಂಥ ನೆಲಕ್ಕೆ ಅಲ್ಲಿಯವರು ಲಿಂಕ್ಸ್ ಎನ್ನುತ್ತಾರೆ. ಬೇಸಾಯಕ್ಕೆ ಬಾರದ ನೆಲ. ಕುರಿ, ಮೊಲ ಮತ್ತು ಗಾಲ್ಫ್ ಆಡುವವರಿಗೆ ಮಾತ್ರ ಬೇಕಾದದ್ದು. ಆದರೆ ಮಳೆಯ ದಿನ ಅಲ್ಲಿ ನಿಂತು ನೋಡಿದಾಗ ಆ ಮರಳಿನ ಬೆಲೆ ತಿಳಿಯುತ್ತದೆ. ನಮ್ಮ ಕೆಮ್ಮಣ್ಣಾಗಿದ್ದರೆ ಅರ್ಧ ಗಂಟೆಯಲ್ಲಿ ಗದ್ದೆಯಾಗುತ್ತಿತ್ತು; ಅಲ್ಲಿ ಬಿದ್ದ ನೀರು ಬಿದ್ದಂತೆಯೇ ಇಳಿದುಹೋಗುತ್ತಿತ್ತು. ಆಟವೂ ನಿಂತಿರಲಿಲ್ಲ. ಆ ಚಳಿಯಲ್ಲಿ, ಆ ಅಡ್ಡಮಳೆಯಲ್ಲಿ, ನಾಲ್ಕು ನಾಲ್ಕು ಮಂದಿಯ ತಂಡಗಳು ಒಂದರ ಹಿಂದೊಂದು ಬರುತ್ತಲೇ ಇದ್ದುವು. ಚೀಟಿಯೆತ್ತಿ ಸರದಿ ಹಂಚುವ ಬಯಲು ಅದು. ತಿಂಗಳುಗಟ್ಟಲೆ ಕಾದು ಸಮುದ್ರ ದಾಟಿ ಬಂದವರು ಮಳೆಗೆ ಹೆದರಿ ಹಿಂದಿರುಗುವರೇ?

ಹದಿನೆಂಟನೆಯ ಕುಳಿಯ ಪಕ್ಕದ ಬಿಳಿಯ ಬೇಲಿಗೆ ಒರಗಿ ನಾವು ಮೂವರೂ ಒಂದು ದೊಡ್ಡ ಛತ್ರಿಯ ಕೆಳಗೆ ಎರಡು ಗಂಟೆಯ ಕಾಲ ನಿಂತೆವು. ನಾನೂ ತಮ್ಮನೂ ಚೆಂಡು ಹೋಗುವ ಕಡೆಗೆ ನೋಡುತ್ತಿದ್ದರೆ ತಂದೆಯವರು ಚೀಲ ಹೊತ್ತವರ ಕೈಗಳನ್ನೇ ನೋಡುತ್ತಿದ್ದರು.

ಇಲ್ಲಿ ಓದುಗರಿಗೆ ಕೋಲುಗಳ ವಿಚಾರ ನಾಲ್ಕು ಮಾತು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಕನ್ನಡ ಎಂ.ಎ. ಮಾಡಿದವನು ಘರ್ಷಣೆಯ ತತ್ತ್ವವನ್ನು ವಿವರಿಸಹೊರಟರೆ ನಗುವವರಿದ್ದಾರೆ. ಆದುದರಿಂದ ಊರಿಗೆ ಮರಳಿದ ಮೇಲೆ ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರನ್ನು ಕಾಫಿಗೆ ಕರೆದು, ಎಲ್ಲವನ್ನೂ ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ಒಬ್ಬ ಆಟಗಾರ ಹದಿನಾಲ್ಕು ಕೋಲುಗಳವರೆಗೆ ಒಯ್ಯಬಹುದು. ಐರನ್ ಎಂಬ ಉಕ್ಕಿನ ತಲೆಯ ಕೋಲುಗಳಿಗೆ ನಂಬರುಗಳಿವೆ. ನಂಬರು ಹೆಚ್ಚಿದಷ್ಟೂ ಕೋಲಿನ ಮುಖ ಹಿಂದಕ್ಕೆ ಹೆಚ್ಚು ವಾಲಿರುತ್ತದೆ. ಚೆಂಡು ಹೆಚ್ಚು ಮೇಲಕ್ಕೇರಿ ಕಡಿಮೆ ದೂರ ಹೋಗುತ್ತದೆ. ಏಳಕ್ಕಿಂತ ಎಂಟು ಹತ್ತು ಗಜ ಕಡಿಮೆ ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ವಾಲಿದ ಮುಖ ಚೆಂಡಿಗೆ ತಗುಲಿ ಉಜ್ಜಿದಾಗ ಚೆಂಡು ಹಿಮ್ಮುಖವಾಗಿ ಗಿರಗಿರನೆ ಸುತ್ತುತ್ತ ಮೇಲೇರುತ್ತದೆ. ಆ ಹಿಮ್ಮುಖ ಸುತ್ತೇ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುವುದು. ನೆಲಕ್ಕೆ ಬಿದ್ದಮೇಲೆ ಓಡದಂತೆ ತಡೆಯುವುದೂ ಅದೇ.

ಉಜ್ಜಬೇಕಾದರೆ ಹಿಡಿತ ಬೇಕು. ಕೋಲಿನ ಮುಖದ ಮೇಲೆ ಅಡ್ಡಲಾಗಿ ಕೊರೆದಿರುವ ಗೀರುಗಳು ಇರುವುದು ಅದಕ್ಕಾಗಿಯೇ. ಮೋಟಾರಿನ ಟೈರಿನ ಗೀರುಗಳು ರಸ್ತೆಯ ನೀರನ್ನು ಹೊರಕ್ಕೆ ತಳ್ಳುವಂತೆ ಇವು ನೀರನ್ನೂ ಹುಲ್ಲಿನ ರಸವನ್ನೂ ತಮ್ಮೊಳಗೆ ತೆಗೆದುಕೊಂಡು, ಉಕ್ಕು ಚೆಂಡನ್ನು ಮುಟ್ಟುವಂತೆ ಮಾಡುತ್ತವೆ. ಆದರೆ ಟೈರಿಗೆ ಒಂದು ಮಿತಿಯಿರುವಂತೆ ಗೀರಿಗೂ ಒಂದು ಮಿತಿಯಿದೆ. ಮುಖ ಪೂರ್ತಿ ನೆನೆದಿದ್ದರೆ, ಅಥವಾ ಗೀರುಗಳಲ್ಲಿ ಮಣ್ಣು ತುಂಬಿದ್ದರೆ, ಚೆಂಡು ನೀರಿನ ತೆಳುಪೊರೆಯ ಮೇಲೆ ಜಾರಿಬಿಡುತ್ತದೆ. ಹತ್ತಿರದ ಸಣ್ಣ ಹೊಡೆತಗಳಲ್ಲಿ ಸುತ್ತು ಅರ್ಧಕ್ಕೆ, ಕೆಲವು ವೇಳೆ ಅದಕ್ಕಿಂತಲೂ ಕೆಳಕ್ಕೆ ಇಳಿಯುವುದುಂಟು. ಹಾಗೆ ಜಾರಿದ ಚೆಂಡು ಎಂದಿಗಿಂತ ಎತ್ತರಕ್ಕೆ ಚಿಮ್ಮಿ, ಸುತ್ತಿಲ್ಲದೆ ಸತ್ತಂತೆ ಬಿದ್ದು, ನಿಲ್ಲಬೇಕಾದಲ್ಲಿ ನಿಲ್ಲದೆ ಜಾರಿಕೊಂಡು ಹೋಗುತ್ತದೆ. ಅಂದು ನಮ್ಮ ಕಣ್ಣೆದುರಿಗೇ ಒಬ್ಬ ಸ್ಥೂಲಕಾಯದ ಅಮೆರಿಕನ್ನರು ಐವತ್ತು ಗಜದಿಂದ ಅತ್ಯಂತ ಸುಂದರವಾಗಿ ಎತ್ತಿದ ಚೆಂಡು ಬಾವುಟವನ್ನು ದಾಟಿ, ಗ್ರೀನನ್ನು ದಾಟಿ, ಮೆಟ್ಟಿಲಿನವರೆಗೆ ಹೋಯಿತು. "ಮುಖ ಒರೆಸಿಲ್ಲ" ಎಂದರು ತಂದೆಯವರು ಮೆಲ್ಲಗೆ.

ಮಳೆಯಲ್ಲಿ ಗಾಳಿ ಭಾರವಾಗುತ್ತದೆ, ಆದುದರಿಂದ ಚೆಂಡು ದೂರ ಹೋಗುವುದಿಲ್ಲ ಎಂದು ಹಲವರು ನಂಬಿದ್ದಾರೆ. ನಮ್ಮ ಮಿತ್ರರು ಇದನ್ನು ಕೇಳಿ ನಕ್ಕರು. ತೇವದ ಗಾಳಿ ಒಣಗಾಳಿಗಿಂತ ತುಸು ಹಗುರವೇ ಅಂತೆ. ನೀರಾವಿಯ ಕಣ ಸಾರಜನಕ ಆಮ್ಲಜನಕಗಳ ಕಣಗಳಿಗಿಂತ ಹಗುರವಾದುದರಿಂದ. ಭಾರವಾಗುವುದು ಚಳಿಗಾಳಿ. ಮಳೆಯೊಡನೆ ಚಳಿಯೂ ಬರುವ ದೇಶಗಳಲ್ಲಿ ಚೆಂಡಿನೊಳಗಿನ ರಬ್ಬರೂ ಮರಗಟ್ಟಿ ತನ್ನ ಪುಟಿತವನ್ನು ಕಳೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ನಷ್ಟ ನೆಲದ್ದು: ಬೇಸಗೆಯ ಗಟ್ಟಿ ನೆಲದಲ್ಲಿ ಬಿದ್ದಮೇಲೆ ಮೂವತ್ತು ನಲವತ್ತು ಗಜ ಓಡುವ ಚೆಂಡು, ನೆನೆದ ನೆಲದಲ್ಲಿ ಬಿದ್ದ ಜಾಗದಲ್ಲೇ ಕಚ್ಚಿಕೊಳ್ಳುತ್ತದೆ. ಆದುದರಿಂದ ಮಳೆಯ ದಿನ ಒಂದು ನಂಬರು ದೊಡ್ಡ ಕೋಲನ್ನು ಹಿಡಿ, ಅರ್ಧಂಬರ್ಧ ಬೀಸು, ಚೆಂಡನ್ನು ಮೊದಲು ಮುಟ್ಟು, ಮಣ್ಣನ್ನಲ್ಲ, ಎಂದು ಬಲ್ಲವರು ಹೇಳುತ್ತಾರೆ. ಮಣ್ಣನ್ನು ಮೊದಲು ಮುಟ್ಟಿದರೆ ಒದ್ದೆ ನೆಲ ಕೋಲಿನ ತಲೆಯನ್ನು ಕೆಸರಿನಂತೆ ನುಂಗಿಬಿಡುತ್ತದೆ. ಇವೆಲ್ಲ ಸಾಮಾನ್ಯ ನಿಯಮ. ಇದಕ್ಕೊಂದು ಅಪವಾದವಿದೆ, ನಮ್ಮ ಮನೆಯ ಕಥೆ ಆ ಅಪವಾದಕ್ಕೆ ಸಂಬಂಧಿಸಿದ್ದು.

ಮೂರು ಗಂಟೆಯ ಹೊತ್ತಿಗೆ ಒಂದು ತಂಡ ಆಟ ಮುಗಿಸಿತು. ಅದರ ಕ್ಯಾಡಿಗಳಲ್ಲಿ ಒಬ್ಬ ಮುದುಕರು, ಬಹುಶಃ ತಂದೆಯವರಷ್ಟೇ ವಯಸ್ಸಿನವರು, ಬೇಲಿಯ ಪಕ್ಕಕ್ಕೆ ಬಂದು ಮೂಗು ಒರೆಸಿಕೊಳ್ಳುತ್ತ ನಿಂತರು. ಅವರು ಛತ್ರಿಯನ್ನು ಮಡಿಸಿದಾಗ ಒಳಗಿನ ಕಡ್ಡಿಗೆ ಸಿಕ್ಕಿಸಿದ್ದ ಒಂದು ಟವೆಲ್ಲು ಕಾಣಿಸಿತು. ಒಣಗಿದ ಟವೆಲ್ಲು. ತಂದೆಯವರು ತಮ್ಮನ ತೋಳನ್ನು ಹಿಡಿದು, "ನೋಡಿದೆಯಾ, ಛತ್ರಿಯ ಒಳಗಡೆ ಕಟ್ಟಿದ್ದಾನೆ. ನಮಗೆ ಛತ್ರಿಯೇ ಇರಲಿಲ್ಲ" ಎಂದರು. ಮುದುಕರಿಗೆ ಮಾತು ತಿಳಿಯದಿದ್ದರೂ ಬೆರಳು ತೋರಿಸಿದ್ದು ತಿಳಿಯಿತು. ನಕ್ಕು, ಇದು ಏನೆಂದು ನಿಮಗೆ ಗೊತ್ತೇ ಎಂಬರ್ಥದಲ್ಲಿ ಏನೋ ಕೇಳಿದರು. ಆ ಪ್ರಾಂತದ ಇಂಗ್ಲಿಷು ನನಗೆ ಅರ್ಧವೂ ಅರ್ಥವಾಗಲಿಲ್ಲ. ತಂದೆಯವರು ಮಾತ್ರ, ಅರವತ್ತು ವರ್ಷಗಳ ಹಿಂದಿನ ಧ್ವನಿಯಲ್ಲಿ, "ಕ್ಯಾಡಿ, ಸಾರ್. ಟೂ ಇಯರ್ಸ್" ಎಂದರು.

ಮುಂದಿನದೆಲ್ಲ ತಮ್ಮನ ದುಭಾಷಿತನದಲ್ಲಿ ನಡೆಯಿತು. ಹಿಂದೆ ಹಿಡಿಗಳು ಚರ್ಮದವಾಗಿದ್ದು ಒದ್ದೆಯಾದರೆ ಲೋಳೆಯಂತೆ ಜಾರುತ್ತಿದ್ದುದು, ಪರ್ಸಿಮನ್ ಮರದ ತಲೆಯ ಕೋಲುಗಳು ನೀರು ಕುಡಿದು ಊದಿಕೊಳ್ಳುತ್ತಿದ್ದುದು, ಅವಕ್ಕೆ ಹಾಕಿದ ಅರಗು ಎದ್ದರೆ ಸಾಹೇಬರ ಕೋಪ ನೆತ್ತಿಗೇರುತ್ತಿದ್ದುದು, ಇವೆಲ್ಲ ಇಬ್ಬರಿಗೂ ಸಮಾನವಾದ ನೆನಪುಗಳಾಗಿದ್ದುವು. ಈಗ ಹಿಡಿಗೆ ನೂಲು ಸೇರಿಸಿದ ರಬ್ಬರು ಬಂದಿದೆ. ನೆನೆದಷ್ಟೂ ಬಿಗಿಯಾಗಿ ಹಿಡಿಯುವ ಕೈಚೀಲಗಳು ಬಂದಿವೆ. ಮರದ ತಲೆಯ ಬದಲು ಟೈಟೇನಿಯಂ ಬಂದಿದೆ. ಒರೆಸುವ ಬಟ್ಟೆ ಮಾತ್ರ ಬದಲಾಗಿಲ್ಲ ಎಂದು ಮುದುಕರು ಟವೆಲ್ಲನ್ನು ತಟ್ಟಿದರು.

ಆಗ ತಂದೆಯವರು, ನಾವು ಮಕ್ಕಳು ಎಂದೂ ಪೂರ್ತಿಯಾಗಿ ಕೇಳಿರದ ಒಂದು ಸಂಗತಿಯನ್ನು ಹೇಳತೊಡಗಿದರು. ನಮ್ಮ ಮನೆಯಲ್ಲಿ ಒರೆಸುವುದೆಂದರೆ ಅವರಿಗೊಂದು ವ್ರತ. ಛತ್ರಿಯನ್ನು ಒರೆಸಿಯೇ ಮೊಳೆಗೆ ನೇತುಹಾಕಬೇಕು. ಸ್ಕೂಟರಿನ ಆಸನ, ಸ್ಟೀಲಿನ ಲೋಟ, ಬಾಗಿಲಿನ ಚಿಲಕ, ಯಾವುದರ ಮೇಲೂ ಒಂದು ಹನಿ ನೀರು ನಿಲ್ಲಕೂಡದು. ಅಮ್ಮ ಇದಕ್ಕಾಗಿ ಅವರನ್ನು ಎಷ್ಟು ಹಾಸ್ಯ ಮಾಡುತ್ತಿದ್ದಳೆಂದರೆ, ಅದು ಎಲ್ಲಿಂದ ಬಂದ ಅಭ್ಯಾಸವೆಂದು ಕೇಳುವುದೇ ನಮಗೆ ಹೊಳೆಯಲಿಲ್ಲ.

ಅದು ಒಂದು ಜೂನ್ ತಿಂಗಳ ಪಂದ್ಯ. ತಂದೆಯವರು ಹೊತ್ತಿದ್ದುದು ತೋಟವೊಂದರ ಮ್ಯಾನೇಜರ ಚೀಲ. ಎಂಟು ಕುಳಿ ಮುಗಿಯುವ ವೇಳೆಗೆ ಮಳೆ ಹಿಡಿಯಿತು. ಇದ್ದ ಒಂದೇ ಬಟ್ಟೆ ನೆನೆದುಹೋಯಿತು. ಹುಡುಗ ತನ್ನ ಅಂಗಿಯನ್ನು ಬಿಚ್ಚಿ ಕೋಲುಗಳ ಹಿಡಿಗಳಿಗೆ ಸುತ್ತಿದ. ಕೊನೆಯ ಕುಳಿಗೆ ನೂರೈವತ್ತು ಗಜಕ್ಕಿಂತ ಕಡಿಮೆ ಉಳಿದಿತ್ತು. ಸಮ ನಡೆಯುತ್ತಿದ್ದ ಆಟ. ಸಾಹೇಬರು ಹೊಡೆದ ಚೆಂಡು ಬಾವುಟದ ಮೇಲಿನಿಂದಲೇ ಹಾರಿ ಹಿಂದಿನ ಕಾಫಿ ಗಿಡಗಳಲ್ಲಿ ಬಿತ್ತು. ಪಂದ್ಯ ಹೋಯಿತು. ಕೋಲಿನ ಮುಖವನ್ನು ಒರೆಸದೆ ಕೊಟ್ಟನೆಂದು ಎಲ್ಲರ ಮುಂದೆ ಹುಡುಗನ ಮೇಲೆ ಆರೋಪ ಬಂದಿತು. ಮಾರನೆಯ ದಿನದಿಂದ ಬರಬೇಡವೆಂದರು. ನಮ್ಮ ಅಜ್ಜಿ ಅವರನ್ನು ಹಿಡಿದು ಶಾಲೆಗೆ ಸೇರಿಸಿದಳು. ಎಸ್.ಎಸ್.ಎಲ್.ಸಿ. ಆಯಿತು, ಸರ್ಕಾರಿ ಗುಮಾಸ್ತಿಕೆ ಸಿಕ್ಕಿತು. ಆ ಸಾಹೇಬರ ಕೋಪದಿಂದಲೇ ನಮ್ಮ ಮನೆ ಉದ್ಧಾರವಾಯಿತೆಂದು ನಾನು ವಾದಿಸಬಹುದು. ಆದರೆ ತಂದೆಯವರ ಮನಸ್ಸಿನಲ್ಲಿ ಇಷ್ಟು ವರ್ಷ ಕುಳಿತಿದ್ದ ಪ್ರಶ್ನೆ ಅದಲ್ಲ. "ಮುಖ ನಾನು ಒರೆಸಿದ್ದೆ ಅಂತಲೇ ನನ್ನ ನೆನಪು. ಮಳೆಯಲ್ಲಿ ಸರಿಯಾಗಿ ಒರೆಸಿದೆನೋ ಇಲ್ಲವೋ, ಅದು ಗೊತ್ತಿಲ್ಲ. ಕೇಳು ಅವನನ್ನು" ಎಂದರು ತಮ್ಮನಿಗೆ.

ಮುದುಕರು ತೀರ್ಪು ಹೇಳಲು ಆತುರಪಡಲಿಲ್ಲ. ಚೆಂಡು ಎಲ್ಲಿತ್ತು ಎಂದು ಕೇಳಿದರು. ಕತ್ತರಿಸಿದ ಹುಲ್ಲಿನಲ್ಲಿ ಅಲ್ಲ, ಪಕ್ಕದ ಉದ್ದ ಹುಲ್ಲಿನಲ್ಲಿ ಎಂದರು ತಂದೆಯವರು. ಎಷ್ಟು ಉದ್ದ? ತೋರುಬೆರಳಿನ ಎರಡು ಗೆಣ್ಣು ತೋರಿಸಿದರು. ಸಾಹೇಬರು ಯಾವ ಕೋಲಿನಿಂದ ಹೊಡೆದರು? ಏಳು. ಕೇಳಿ ತೆಗೆದುಕೊಂಡರೋ, ನೀವೇ ಕೊಟ್ಟಿರೋ? ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನು ಎಂಟು ತೆಗೆದು ಹಿಡಿದಿದ್ದೆ. ಮಳೆಯಲ್ಲಿ ಗಾಳಿ ಭಾರ, ಏಳು ಕೊಡು ಅಂದರು."

"ಎಂಟೂ ಹೆಚ್ಚೇ. ನಾನಾಗಿದ್ದರೆ ಒಂಬತ್ತು ಕೊಡುತ್ತಿದ್ದೆ" ಎಂದರು ಮುದುಕರು.

ಅಪವಾದವೆಂದು ಹೇಳಿದೆನಲ್ಲ, ಅದು ಇದು. ಉದ್ದವಾದ ಒದ್ದೆ ಹುಲ್ಲಿನಲ್ಲಿ ಕುಳಿತ ಚೆಂಡಿಗೆ ಹೊಡೆಯುವಾಗ ಉಕ್ಕಿಗೂ ಚೆಂಡಿಗೂ ನಡುವೆ ಹುಲ್ಲಿನ ಎಸಳುಗಳೇ ಸಿಕ್ಕಿಕೊಳ್ಳುತ್ತವೆ. ಅವು ಹೊತ್ತಿರುವ ನೀರು ಗೀರುಗಳನ್ನು ತುಂಬಿಬಿಡುತ್ತದೆ. ಸುತ್ತು ಹುಟ್ಟುವುದಿಲ್ಲ. ನಡುವಣ ನಂಬರಿನ ಕೋಲಿನಿಂದ ಹಾಗೆ ಸುತ್ತಿಲ್ಲದೆ ಹೊರಟ ಚೆಂಡು ವಾಡಿಕೆಗಿಂತ ದೂರ ಹಾರುತ್ತದೆ, ಬಿದ್ದಮೇಲೆ ಓಡುತ್ತದೆ. ಫ್ಲೈಯರ್ ಎಂದು ಇದಕ್ಕೆ ಹೆಸರು. ದೊಡ್ಡ ಕೋಲು ಹಿಡಿಯಬೇಕೆಂಬ ಮಳೆಗಾಲದ ನಿಯಮ ಇಲ್ಲಿ ತಿರುಗುಮುರುಗಾಗುತ್ತದೆ; ಒಂದೆರಡು ನಂಬರು ಸಣ್ಣ ಕೋಲೇ ಸರಿ. ಮುಖ ಎಷ್ಟು ಒಣಗಿತ್ತೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಹುಲ್ಲೇ ನೆನೆದಿರುವಾಗ ಕೋಲನ್ನು ರೇಷ್ಮೆಯಿಂದ ಒರೆಸಿದರೂ ಅಷ್ಟೇ ಎಂದು ಮುದುಕರು ಹೇಳಿದರೆಂದು ತಮ್ಮ ಅನುವಾದಿಸಿದ. ರೇಷ್ಮೆ ಅವನದೇ ಸೇರ್ಪಡೆಯೋ ಏನೋ, ನನಗೆ ಸಂಶಯವಿದೆ.

ತಂದೆಯವರು ಏನೂ ಹೇಳಲಿಲ್ಲ. ಮುದುಕರ ಕೈ ಕುಲುಕಿದರು. ಆ ರಾತ್ರಿ ನಾವು ಇಳಿದುಕೊಂಡಿದ್ದ ಮನೆಯಲ್ಲಿ ಬಹಳ ಹೊತ್ತು ಅವರು ನಿದ್ದೆಹೋದ ಸುಳಿವಿರಲಿಲ್ಲ. ನಡುರಾತ್ರಿಯಲ್ಲಿ ಕತ್ತಲೆಯೊಳಗಿಂದ, "ಹದಿಮೂರು ವರ್ಷದ ಹುಡುಗ ಎಂಟು ಅಂತ ಹೇಗೆ ತೆಗೆದೆ ಅಂತೀಯ?" ಎಂಬ ಮಾತು ಬಂದಿತು. ನಾನು ಉತ್ತರ ಕೊಡುವುದರೊಳಗೆ ಗೊರಕೆ ಆರಂಭವಾಗಿತ್ತು.

ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ನೆಲಕ್ಕೂ ವಿಶ್ರಾಂತಿ ಬೇಕೆಂಬ ಹಳೆಯ ಪದ್ಧತಿಯದು. ಅಂದು ಊರಿನವರೆಲ್ಲ ನಾಯಿ, ಮಕ್ಕಳು, ತಿಂಡಿಯ ಬುಟ್ಟಿಗಳೊಡನೆ ಅದರ ಮೇಲೆ ನಡೆದಾಡಬಹುದು. ಲೋಕದ ಅತ್ಯಂತ ಪ್ರಸಿದ್ಧವಾದ ಗಾಲ್ಫ್ ಬಯಲು ಸಾರ್ವಜನಿಕರ ಸ್ವತ್ತೆಂಬುದು ನನಗೆ ಬಹಳ ಹಿಡಿಸಿತು. ನಮ್ಮ ಕ್ಲಬ್ಬುಗಳ ಗೇಟಿನ ಕಾವಲುಗಾರರಿಗೆ ಇದನ್ನು ಯಾರಾದರೂ ತಿಳಿಸಬೇಕು. ಮಳೆ ನಿಂತು, ಸಮುದ್ರದಿಂದ ಹಾರ್ ಎಂದು ಅಲ್ಲಿಯವರು ಕರೆಯುವ ಮಂಜು ಏರಿ ಬಂದಿತ್ತು. ಸ್ವಿಲ್ಕನ್ ಎಂಬ ತೊರೆಯ ಮೇಲಿನ ಪುಟ್ಟ ಕಲ್ಲುಸೇತುವೆಯ ಮೇಲೆ ತಂದೆಯವರನ್ನು ನಿಲ್ಲಿಸಿ ತಮ್ಮ ಫೋಟೋ ತೆಗೆದ. ಆರೇಳು ಶತಮಾನಗಳ ಹಿಂದೆ ಕುರಿಗಾಹಿಗಳಿಗಾಗಿ ಕಟ್ಟಿದ್ದೆಂದು ಹೇಳುವ ಆ ಸೇತುವೆ ನಮ್ಮ ಅಡಿಕೆತೋಟದ ಸಂಕಕ್ಕಿಂತ ಸ್ವಲ್ಪವೇ ದೊಡ್ಡದು. ಹದಿನಾಲ್ಕನೆಯ ಕುಳಿಯ ದಾರಿಯಲ್ಲಿರುವ ನರಕ ಎಂಬ ಹೆಸರಿನ ದೊಡ್ಡ ಮರಳುಗುಂಡಿಗೆ ಇಣಿಕಿ ನೋಡಿದೆವು. ರಾತ್ರಿಯ ಮಳೆಗೆ ಮರಳು ಬಿಗಿದುಕೊಂಡು ಗಾರೆಯ ನೆಲದಂತಾಗಿತ್ತು. ಒಣಮರಳಿನಲ್ಲಿ ತೇಲಿಕೊಂಡು ಹೋಗಲೆಂದೇ ಅಗಲವಾದ ತಳವಿಟ್ಟು ಮಾಡಿದ ಕೋಲು ಇಂಥ ಒದ್ದೆಮರಳಿನಲ್ಲಿ ನೆಲಕ್ಕೆ ತಾಕಿ ಪುಟಿದು, ಚೆಂಡಿನ ನಡುಹೊಟ್ಟೆಗೇ ಬಡಿಯುವುದುಂಟಂತೆ. ತಳ ತೆಳುವಾದ ಬೇರೆ ಕೋಲನ್ನು ಹಿಡಿಯಬೇಕು.

ಮರಳು ನೆಲವೂ ಸೋತ ದಿನಗಳಿವೆ. ೧೮೬೦ರಲ್ಲಿ ಆರಂಭವಾದ ಓಪನ್ ಪಂದ್ಯಾವಳಿಯ ನೂರನೆಯ ವರ್ಷವೆಂದು ೧೯೬೦ರಲ್ಲಿ ಅದನ್ನು ಇಲ್ಲಿ ನಡೆಸಿದಾಗ, ಶುಕ್ರವಾರ ಬೆಳಗಿನ ಮೂರನೆಯ ಸುತ್ತು ಮುಗಿಯುತ್ತಲೂ ಆಕಾಶ ಕಳಚಿ ಬಿತ್ತು. ಹದಿನೆಂಟನೆಯ ಗ್ರೀನಿನ ಮುಂದಿರುವ, ಪಾಪದ ಕಣಿವೆ ಎಂದು ಹೆಸರಾದ ತಗ್ಗು ಕೆರೆಯಾಯಿತು. ಕೊನೆಯ ಸುತ್ತನ್ನು ಮಾರನೆಯ ದಿನಕ್ಕೆ ಹಾಕಬೇಕಾಯಿತು. ನಾಲ್ಕು ಹೊಡೆತ ಹಿಂದಿದ್ದ ಅಮೆರಿಕದ ಆರ್ನಲ್ಡ್ ಪಾಮರ್ ಆ ಶನಿವಾರ ಬೆನ್ನಟ್ಟಿ ಬಂದು ಒಂದೇ ಹೊಡೆತದಿಂದ ಸೋತರು. ಗೆದ್ದವರು ಆಸ್ಟ್ರೇಲಿಯದ ಕೆಲ್ ನೇಗಲ್. ೨೦೧೫ರಲ್ಲಿಯೂ ಶುಕ್ರವಾರದ ಮಳೆಗೆ ಬಯಲು ಮುಳುಗಿ ಮೂರು ಗಂಟೆಗೂ ಮೀರಿ ಆಟ ನಿಂತಿತು. ಶನಿವಾರದ ಗಾಳಿಗೆ ಗ್ರೀನಿನ ಮೇಲಿನ ಚೆಂಡುಗಳು ತಾವಾಗಿಯೇ ಉರುಳತೊಡಗಿದುವು. ಪಂದ್ಯ ಮುಗಿದದ್ದು ಸೋಮವಾರ. ನೀರು ನಿಂತ ಕಡೆ ಚೆಂಡು ಬಿದ್ದರೆ ದಂಡವಿಲ್ಲದೆ ಪಕ್ಕಕ್ಕೆ ತೆಗೆದಿಡಲು ನಿಯಮ ಅವಕಾಶ ಕೊಡುತ್ತದೆ. ಅಂಥ ನೀರಿಗೆ ೨೦೧೯ರಿಂದ ತಾತ್ಕಾಲಿಕ ನೀರು ಎಂದು ಹೆಸರಿಟ್ಟಿದ್ದಾರೆ. ನಮ್ಮ ಮಲೆನಾಡಿನ ಆಷಾಢದಲ್ಲಿ ತಾತ್ಕಾಲಿಕ ನೀರೆಂಬುದು ಯಾವುದೂ ಇಲ್ಲ.

ಮಧ್ಯಾಹ್ನ ಪಾಳುದೇವಾಲಯದ ಸ್ಮಶಾನದಲ್ಲಿ ಟಾಮ್ ಮಾರಿಸರ ಸಮಾಧಿಯನ್ನು ನೋಡಿದೆವು. ಈ ಬಯಲನ್ನು ನಾಲ್ಕು ದಶಕಗಳ ಕಾಲ ಸಾಕಿದ ಈ ಮಹಾನುಭಾವರು ೧೯೦೮ರಲ್ಲಿ ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೇ ಹೆಸರಾಂತ ಆಟಗಾರನಾಗಿದ್ದ ಮಗ ೧೮೭೫ರ ಕ್ರಿಸ್‌ಮಸ್ ದಿನ, ಇಪ್ಪತ್ತನಾಲ್ಕರಲ್ಲೇ ಹೋಗಿಬಿಟ್ಟಿದ್ದ. ತಂದೆಯವರು ಮಗನ ಕಲ್ಲಿನ ಮುಂದೆ ಹೆಚ್ಚು ಹೊತ್ತು ನಿಂತರು.

ಮಾರಿಸರ ಯೌವನದ ಕಾಲಕ್ಕೆ ಚೆಂಡೆಂದರೆ ಬಾತುಕೋಳಿಯ ಗರಿಗಳನ್ನು ಬೇಯಿಸಿ, ಟೋಪಿ ತುಂಬುವಷ್ಟನ್ನು ಒಂದು ಪುಟ್ಟ ತೊಗಲಚೀಲದೊಳಗೆ ತುರುಕಿ ಹೊಲಿದದ್ದು. ನುರಿತವನೂ ದಿನಕ್ಕೆ ಮೂರು ನಾಲ್ಕು ಮಾತ್ರ ಮಾಡಬಲ್ಲವನಾಗಿದ್ದ. ಮಳೆಯೇ ಅದಕ್ಕೆ ಮೃತ್ಯು. ತೊಗಲು ನೀರು ಕುಡಿದು ಭಾರವಾಗುವುದು, ಹೊಲಿಗೆ ಕೊಳೆತು ಒಡೆಯುವುದು. ೧೮೪೮ರ ಹೊತ್ತಿಗೆ ಮಲಯದ ಗಟ್ಟಾಪರ್ಚ ಎಂಬ ಮರದ ಹಾಲಿನಿಂದ ಎರಕ ಹೊಯ್ದ, ನೀರಿಗೆ ಜಗ್ಗದ, ಅಗ್ಗವಾದ ಚೆಂಡು ಬಂದಿತು. ಗರಿಚೆಂಡಿನ ಹೆಸರಾಂತ ಕಸುಬಿಗ ಅಲನ್ ರಾಬರ್ಟ್‌ಸನ್ನರಿಗೂ ಅವರ ಬಳಿ ಕೆಲಸ ಕಲಿತ ಮಾರಿಸರಿಗೂ ಈ ಹೊಸ ಚೆಂಡಿನ ದೆಸೆಯಿಂದಲೇ ಮನಸ್ತಾಪವಾಯಿತು. ಇದರ ಮೂಲದ ಬಗ್ಗೆ ಆ ಊರಿನಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ೧೮೪೩ರಲ್ಲಿ ಇಲ್ಲಿಯ ಪ್ಯಾಟರ್ಸನ್ ಎಂಬವರ ಮನೆಗೆ ಭಾರತದಿಂದ ವಿಷ್ಣುವಿನ ಅಮೃತಶಿಲೆಯ ಮೂರ್ತಿಯೊಂದು ಬಂದಿತಂತೆ. ದಾರಿಯಲ್ಲಿ ಮುಕ್ಕಾಗದಿರಲೆಂದು ಪೆಟ್ಟಿಗೆಯಲ್ಲಿ ಸುತ್ತಲೂ ತುಂಬಿದ್ದ ಗಟ್ಟಾಪರ್ಚದ ಚೂರುಗಳನ್ನು ಮನೆಯ ಮಗ ಕಾಯಿಸಿ, ಉಂಡೆ ಕಟ್ಟಿ ಚೆಂಡು ಮಾಡಿದನಂತೆ. ನಿಜವೋ ಸುಳ್ಳೋ, ಕಥೆ ಕೇಳಿ ತಂದೆಯವರು ಕೈಮುಗಿದರು. "ಹತ್ತು ಅವತಾರದಲ್ಲಿ ಇದು ಸೇರಿಲ್ಲವಲ್ಲಪ್ಪಾ" ಎಂದರು.

ಸೋಮವಾರ ಮಧ್ಯಾಹ್ನದ ರೈಲಿಗೆ ಹೊರಡಬೇಕಾಗಿತ್ತು. ಬೆಳಗ್ಗೆ ಮತ್ತೆ ಮಳೆ, ಈ ಸಲ ಜಿನುಗು. ಓಲ್ಡ್ ಕೋರ್ಸಿನ ಮಗ್ಗುಲಲ್ಲೇ ಹಿಮಾಲಯ 'ಹಿಮಾಲಯಾಸ್' ಎಂಬ ಹೆಸರಿನ ಒಂದು ಹುಲ್ಲುದಿಬ್ಬಗಳ ಅಂಗಳವಿದೆ. ೧೮೬೭ರಲ್ಲಿ ಸ್ಥಾಪಿತವಾದ ಮಹಿಳೆಯರ ಸಂಘಕ್ಕೆ ಸೇರಿದ್ದು; ಕೋಲನ್ನು ಭುಜದಿಂದ ಮೇಲೆತ್ತುವುದು ಹೆಂಗಸರಿಗೆ ತಕ್ಕುದಲ್ಲವೆಂದು ನಂಬಿದ್ದ ಕಾಲದಲ್ಲಿ ಅವರಿಗೆ ಉರುಳಿಸುವ ಆಟವನ್ನು ಮಾತ್ರ ಬಿಟ್ಟುಕೊಟ್ಟಿದ್ದರು. ಈಗ ಕೆಲವು ಪೌಂಡ್ ಕೊಟ್ಟರೆ ಯಾರು ಬೇಕಾದರೂ ಪಟ್ಟರ್ ಎಂಬ ಉರುಳುಗೋಲನ್ನೂ ಒಂದು ಚೆಂಡನ್ನೂ ಪಡೆದು ಅಲ್ಲಿ ಆಡಬಹುದು. ಮೂರು ಚೀಟಿ ಕೊಂಡೆವು. ಎರಡು ವರ್ಷ ಚೀಲ ಹೊತ್ತ ತಂದೆಯವರು ಅದುವರೆಗೆ ಒಂದು ಚೆಂಡಿಗೂ ಹೊಡೆದವರಲ್ಲ. ಹುಡುಗರು ಕೋಲೆತ್ತಿದರೆ ಬೈಗಳು ಬೀಳುತ್ತಿತ್ತು.

ಮೊದಲನೆಯ ಚೆಂಡು ಕುಳಿಗೆ ಮೂರು ಮೊಳ ಹಿಂದೆಯೇ ನಿಂತಿತು. ಒದ್ದೆ ಹುಲ್ಲು ಚೆಂಡನ್ನು ಹಿಡಿಯುತ್ತದೆ. ಅದರ ಜಾಡಿನಲ್ಲಿ ನೀರು ಕಾರಂಜಿಯಂತೆ ಏಳುವುದು ಕಾಣುತ್ತಿತ್ತು. ಇಳಿಜಾರಿನ ಕಡೆಗೆ ತಿರುಗುವುದೂ ಕಡಿಮೆ. ನಾನೂ ತಮ್ಮನೂ ಒಣನೆಲದ ಲೆಕ್ಕ ಹಾಕಿ ದಿಬ್ಬದ ಮೇಲ್ಬದಿಗೆ ಗುರಿಯಿಟ್ಟು ಅಲ್ಲಲ್ಲೇ ಉಳಿಯುತ್ತಿದ್ದೆವು. ತಂದೆಯವರು ಮೂರನೆಯ ಕುಳಿಯ ಹೊತ್ತಿಗೆ ಗುಟ್ಟು ಹಿಡಿದುಬಿಟ್ಟರು. ನೇರವಾಗಿ, ಸ್ವಲ್ಪ ಗಡುಸಾಗಿ. ಪ್ರತಿ ಹೊಡೆತಕ್ಕೂ ಮುಂಚೆ ಜೇಬಿನಿಂದ ಕರವಸ್ತ್ರ ತೆಗೆದು ಪಟ್ಟರಿನ ಮುಖವನ್ನು ಒರೆಸುತ್ತಿದ್ದರು. "ಉರುಳಿಸುವ ಕೋಲಿಗೆ ಅದು ಬೇಡ ಅಪ್ಪಾ, ಇದರಲ್ಲಿ ಗೀರೂ ಇಲ್ಲ, ಸುತ್ತೂ ಇಲ್ಲ" ಎಂದು ತಮ್ಮ ಹೇಳಿದ. "ನೀನು ನಿನ್ನ ಆಟ ನೋಡಿಕೋ" ಎಂದರು.

ಹದಿನೆಂಟು ಕುಳಿಗಳಿಗೆ ಅವರದು ಐವತ್ತೊಂದು, ತಮ್ಮನದು ಐವತ್ತೈದು. ನನ್ನದನ್ನು ಓದುಗರು ಕೇಳಬಾರದು. ಹನ್ನೊಂದನೆಯ ಕುಳಿಯಲ್ಲಿ ತಮ್ಮ ಒಂದು ಹೊಡೆತವನ್ನು ಬರೆಯದೆ ಬಿಟ್ಟನೆಂದು ತಂದೆಯವರು ಬಸ್ಸಿನಲ್ಲಿ ತಗಾದೆ ತೆಗೆದರು. ಲೂಕರ್ಸಿನಲ್ಲಿ ರೈಲು ಬರುವವರೆಗೂ ಅದು ಇತ್ಯರ್ಥವಾಗಲಿಲ್ಲ.